ಮಸಿ ಹಿಡಿದ ಮರ, ಕಪ್ಪು ಪತಂಗ ಮತ್ತು ಒಂದು ಲೆಕ್ಕ

1924ರಲ್ಲಿ ಬ್ರಿಟಿಷ್ ಜೀವವಿಜ್ಞಾನಿ ಜೆ. ಬಿ. ಎಸ್. ಹಾಲ್ಡೇನ್ ಕೇಂಬ್ರಿಡ್ಜ್‌ನಲ್ಲಿ ಒಂದು ಲೆಕ್ಕ ಮಾಡಿದರು. ಮ್ಯಾಂಚೆಸ್ಟರ್ ಸುತ್ತಮುತ್ತಲಿನ ಒಂದು ಜಾತಿಯ ಪತಂಗಗಳಲ್ಲಿ ಕಪ್ಪು ಬಣ್ಣದವು 1848ರ ಹೊತ್ತಿಗೆ ಶೇ. 1ಕ್ಕಿಂತ ಹೆಚ್ಚಿರಲಿಲ್ಲ, 1898ರ ಹೊತ್ತಿಗೆ ಶೇ. 99ರಷ್ಟಾಗಿದ್ದವು ಎಂದು ಇಟ್ಟುಕೊಂಡರೆ, ನಡುವಿನ ಐವತ್ತು ವರ್ಷಗಳಲ್ಲಿ ಪ್ರತಿ ತಲೆಮಾರಿನಲ್ಲೂ ಏನು ನಡೆಯುತ್ತಿದ್ದಿರಬೇಕು ಎಂಬುದು ಅವರ ಪ್ರಶ್ನೆ. ಅವರಿಗೆ ಸಿಕ್ಕ ಉತ್ತರ ಹೀಗಿತ್ತು: ತಿಳಿಬಣ್ಣದ ಪತಂಗಗಳು 100 ಮರಿಗಳನ್ನು ಉಳಿಸಿಹೋಗುವ ಕಡೆ ಕಪ್ಪು ಪತಂಗಗಳು ಸುಮಾರು 150 ಮರಿಗಳನ್ನು ಉಳಿಸಿಹೋಗುತ್ತಿದ್ದಿರಬೇಕು. ಈ ವ್ಯತ್ಯಾಸಕ್ಕೆ ಕಾರಣವೇನೆಂದು ಆಗ ಯಾರೂ ಕಾಡಿನಲ್ಲಿ ಅಳೆದು ನೋಡಿರಲಿಲ್ಲ. ಕಾಗದದ ಮೇಲೆ ಹುಟ್ಟಿದ ಆ ಸಂಖ್ಯೆ ತನ್ನನ್ನು ಪರೀಕ್ಷಿಸುವ ಮೊದಲ ಪ್ರಯೋಗಕ್ಕಾಗಿ 29 ವರ್ಷ ಕಾಯಬೇಕಾಯಿತು.

ವಿಜ್ಞಾನದಲ್ಲಿ ಮೊದಲು ಪುರಾವೆಗಳನ್ನು ಕೂಡಿಹಾಕುತ್ತಾರೆ, ಮೊಸರು ಕಡೆದಂತೆ ಅವನ್ನು ಕಡೆದಾಗ ಸಿದ್ಧಾಂತವೆಂಬ ಬೆಣ್ಣೆ ತಾನಾಗಿಯೇ ತೇಲಿಬರುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಪರಿಸರ ವಿಜ್ಞಾನ ಮತ್ತು ಜೀವವಿಕಾಸದ ಅಧ್ಯಯನದಲ್ಲಿ ಕೆಲಸ ಹಾಗೆ ನಡೆಯುವುದು ಅಪರೂಪ. ಕಾಡಿನಲ್ಲಿ ಮಳೆ, ಬಿಸಿಲು, ರೋಗ, ಬೇಟೆಗಾರ ಪ್ರಾಣಿ, ಆಹಾರ, ವಲಸೆ ಎಲ್ಲವೂ ಒಟ್ಟಿಗೇ ಬದಲಾಗುತ್ತಿರುತ್ತವೆ. ಒಂದನ್ನು ಮಾತ್ರ ಬದಲಿಸಿ ಉಳಿದವನ್ನು ಹಿಡಿದು ನಿಲ್ಲಿಸಲು ಅದು ಪ್ರಯೋಗಶಾಲೆಯಲ್ಲ. ಹೀಗಿರುವಾಗ ಯಾವುದನ್ನು ಅಳೆಯಬೇಕು, ಎಷ್ಟು ಬಂದರೆ ಊಹೆ ನಿಲ್ಲುತ್ತದೆ, ಎಷ್ಟು ಬಂದರೆ ಬೀಳುತ್ತದೆ ಎಂದು ಮೊದಲೇ ಹೇಳಿಡುವ ಸಿದ್ಧಾಂತ ಇಲ್ಲದಿದ್ದರೆ, ರಾಶಿ ಬಿದ್ದ ಮಾಹಿತಿ ಯಾರು ಹೇಗೆ ಬೇಕಾದರೂ ಓದಿಕೊಳ್ಳಬಹುದಾದ ರಾಶಿಯಾಗಿಯೇ ಉಳಿಯುತ್ತದೆ. ಸಿದ್ಧಾಂತಕ್ಕೂ ಪುರಾವೆಗೂ ನಡುವಿನ ಈ ಕೊಂಡಿ ಹೇಗೆ ಬೆಸೆದುಕೊಳ್ಳುತ್ತದೆ, ಎಲ್ಲಿ ಸಡಿಲವಾಗುತ್ತದೆ, ಹೇಗೆ ಮತ್ತೆ ಬಿಗಿಯಾಗುತ್ತದೆ ಎಂಬುದನ್ನು ತೋರಿಸಲು ಈ ಪತಂಗದ ಒಂದೂವರೆ ಶತಮಾನದ ಕಥೆಗಿಂತ ಒಳ್ಳೆಯ ಉದಾಹರಣೆ ನನಗೆ ತಿಳಿದಿಲ್ಲ. ಶಾಲೆಯ ಪುಸ್ತಕಗಳಲ್ಲಿ ಎರಡು ಚಿತ್ರ, ನಾಲ್ಕು ಸಾಲುಗಳಲ್ಲಿ ಮುಗಿದುಹೋಗುವ ಈ ಕಥೆಯ ನಿಜವಾದ ಸತ್ವ ಆ ನಾಲ್ಕು ಸಾಲುಗಳ ಆಚೆಗಿದೆ.

ಪತಂಗದ ವೈಜ್ಞಾನಿಕ ಹೆಸರು ಬಿಸ್ಟನ್ ಬೆಟುಲೇರಿಯಾ. ಬಿಳಿಯ ರೆಕ್ಕೆಗಳ ಮೇಲೆ ಕರಿಮೆಣಸಿನ ಪುಡಿ ಉದುರಿಸಿದಂತೆ ಚುಕ್ಕೆಗಳಿರುವುದರಿಂದ ಇಂಗ್ಲಿಷರು ಅದನ್ನು ಪೆಪ್ಪರ್ಡ್ ಮಾತ್ ಎಂದು ಕರೆದರು. ರಾತ್ರಿ ಹಾರಾಡುವ ಈ ಪತಂಗ ಹಗಲೆಲ್ಲ ಮರದ ಮೇಲೆ ರೆಕ್ಕೆ ಚಾಚಿ ಅಲುಗದೆ ಕೂತಿರುತ್ತದೆ. ನಾವು ಮಸಾಲೆಗೆ ಬಳಸುವ ಕಲ್ಲುಹೂವಿನ ಬಳಗಕ್ಕೆ ಸೇರಿದ ಬೂದು-ಬಿಳಿ ಲೈಕೆನ್‌ಗಳು (ಶಿಲೀಂಧ್ರವೂ ಪಾಚಿಯೂ ಕೂಡಿ ಬಾಳುವ ರಚನೆಗಳು) ತೊಗಟೆಯ ಮೇಲೆ ಹಬ್ಬಿರುವ ಕಡೆ ಅದನ್ನು ಪತ್ತೆಹಚ್ಚುವುದು ಮನುಷ್ಯರ ಕಣ್ಣಿಗೆ ಬಹಳ ಕಷ್ಟ. ವರ್ಷಕ್ಕೆ ಒಂದೇ ತಲೆಮಾರು. 1848ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಪೂರ್ತಿ ಕಪ್ಪಾದ ಪತಂಗವೊಂದು ಸಿಕ್ಕಿದ್ದು ದಾಖಲಾಗಿದೆ. 1895ರ ಹೊತ್ತಿಗೆ ಅಲ್ಲಿನ ಪತಂಗಗಳಲ್ಲಿ ಶೇ. 98ರಷ್ಟು ಕಪ್ಪಾಗಿದ್ದವು. ಕಲ್ಲಿದ್ದಲಿನ ಹೊಗೆ ಆ ಅವಧಿಯಲ್ಲಿ ಊರ ಮರಗಳಿಗೆ ಇಲ್ಲಣ ಕಟ್ಟಿಸಿತ್ತು, ಗಂಧಕದ ಅನಿಲ ಕಲ್ಲುಹೂವನ್ನು ಕೊಂದಿತ್ತು. ಹಕ್ಕಿಗಳು ಎದ್ದು ಕಾಣುವ ಪತಂಗಗಳನ್ನು ಆರಿಸಿ ತಿನ್ನುವುದರಿಂದ ಮಸಿ ಹಿಡಿದ ಮರಗಳ ಮೇಲೆ ಕಪ್ಪು ಪತಂಗಗಳು ಉಳಿದುಕೊಳ್ಳುತ್ತಿವೆ ಎಂದು ಕೀಟತಜ್ಞ ಜೆ. ಡಬ್ಲ್ಯು. ಟಟ್ 1896ರಲ್ಲಿ ಸೂಚಿಸಿದರು.

ಇಂಥ ಬದಲಾವಣೆ ಕಣ್ಣೆದುರಿಗೇ ನಡೆದರೂ ಅದನ್ನು ಜೀವವಿಕಾಸವೆಂದು ಗುರುತಿಸುವುದು ಆ ಕಾಲಕ್ಕೆ ಸುಲಭವಾಗಿರಲಿಲ್ಲ. ನಿಸರ್ಗದ ಆಯ್ಕೆ ಯುಗಗಳುದ್ದಕ್ಕೂ ನಿಧಾನವಾಗಿ ನಡೆಯುವಂಥದ್ದು, ಅದರ ಫಲವನ್ನು ಕಾಣಬಹುದೇ ಹೊರತು ಕ್ರಿಯೆಯನ್ನಲ್ಲ ಎಂಬುದು ಡಾರ್ವಿನ್ನರ ನಿಲುವಾಗಿತ್ತು. 1878ರಲ್ಲಿ ಆಲ್ಬರ್ಟ್ ಫಾರ್ನ್ ಎಂಬ ಕೀಟಾಸಕ್ತರು ಅವರಿಗೆ ಒಂದು ಪತ್ರ ಬರೆದಿದ್ದರು. ಬೇರೊಂದು ಜಾತಿಯ ಪತಂಗ ಕಪ್ಪು ಮಣ್ಣಿನ ನೆಲದಲ್ಲಿ ಕಪ್ಪಗೆ, ಸುಣ್ಣದ ನೆಲದಲ್ಲಿ ಬೆಳ್ಳಗೆ ಇರುವುದನ್ನೂ, ಸುಣ್ಣದ ಗೂಡುಗಳ ಹೊಗೆ ಕವಿದ ಇಳಿಜಾರಿನಲ್ಲಿ ಇತ್ತೀಚೆಗೆ ಕಪ್ಪು ಬಗೆ ಹೆಚ್ಚಾಗುತ್ತಿರುವುದನ್ನೂ ಹೇಳಿ, ಇದು ತಕ್ಕವು ಉಳಿಯುವುದಕ್ಕೆ ನಿದರ್ಶನವೇ ಎಂದು ಅವರು ಅದರಲ್ಲಿ ಕೇಳಿದ್ದರು. ಆಯ್ಕೆ ನಡೆಯುತ್ತಿರುವುದನ್ನು ತೋರಿಸುವ ಪುರಾವೆ ಆಯ್ಕೆಯ ಸಿದ್ಧಾಂತವನ್ನು ಕೊಟ್ಟವರ ಕೈಗೇ ಬಂದಿತ್ತು, ಆದರೂ ಅವರ ಬರಹಗಳಲ್ಲಿ ಅದು ಜಾಗ ಪಡೆಯಲಿಲ್ಲ. ಇದನ್ನು ನಾನು ಡಾರ್ವಿನ್ನರ ಲೋಪವೆಂದು ಎಣಿಸುವುದಿಲ್ಲ. ಆಯ್ಕೆ ಎಷ್ಟು ವೇಗವಾಗಿ ಕೆಲಸ ಮಾಡಬಲ್ಲದು ಎಂದು ಲೆಕ್ಕ ಹಾಕುವ ಸಾಧನ ಅವರಿಗೆ ಇರಲಿಲ್ಲ, ಏಕೆಂದರೆ ಗುಣಗಳು ತಂದೆತಾಯಿಯಿಂದ ಮಕ್ಕಳಿಗೆ ಹೇಗೆ ಇಳಿಯುತ್ತವೆ ಎಂಬ ಮೆಂಡೆಲ್‌ರ ನಿಯಮಗಳು ಬೆಳಕಿಗೆ ಬಂದದ್ದೇ 1900ರಲ್ಲಿ.

ಹಾಲ್ಡೇನ್ ಕೈಯಲ್ಲಿ ಆ ನಿಯಮಗಳಿದ್ದವು. ಕಪ್ಪು ಬಣ್ಣ ಒಂದೇ ವಂಶವಾಹಿಯಿಂದ ಬರುತ್ತದೆ, ಮತ್ತು ಅದು ಪ್ರಬಲ ಗುಣ ಎಂಬುದು ಆಗಲೇ ತಿಳಿದಿತ್ತು; ಅಂದರೆ ತಂದೆಯಿಂದಾಗಲಿ ತಾಯಿಯಿಂದಾಗಲಿ ಕಪ್ಪಿನ ಒಂದೇ ಪ್ರತಿ ಬಂದರೂ ಪತಂಗ ಕಪ್ಪಾಗುತ್ತದೆ, ಬೆಳ್ಳಗಿರಬೇಕಾದರೆ ತಿಳಿಬಣ್ಣದ ಎರಡು ಪ್ರತಿಗಳೂ ಬೇಕು. ಈ ಒಂದು ಅಂಶದಿಂದ ಲೆಕ್ಕದ ಸ್ವರೂಪವೇ ನಿರ್ಧಾರವಾಗುತ್ತದೆ. ಕಪ್ಪು ಅಪರೂಪವಾಗಿದ್ದಾಗ ಅದರ ಪ್ರತಿಯೊಂದು ನಕಲೂ ರೆಕ್ಕೆಯ ಮೇಲೆ ಕಾಣಿಸಿಕೊಂಡು ಅನುಕೂಲ ಪಡೆಯುವುದರಿಂದ ಅದು ಬೇಗ ಹೆಚ್ಚುತ್ತದೆ. ಕಪ್ಪು ಬಹುಪಾಲಾದ ಮೇಲೆ ಉಳಿದ ತಿಳಿಬಣ್ಣದ ನಕಲುಗಳೆಲ್ಲ ಕಪ್ಪು ಪತಂಗಗಳೊಳಗೇ ಅಡಗಿ ಕೂರುತ್ತವೆ. ಹಕ್ಕಿಯ ಕಣ್ಣಿಗಾಗಲಿ ಬೇರಾವ ಶತ್ರುವಿಗಾಗಲಿ ಅವು ಕಾಣುವುದೇ ಇಲ್ಲ. ಹಾಲ್ಡೇನ್‌ರ ಸಮೀಕರಣದಲ್ಲಿ ಅವರದೇ ಸಂಖ್ಯೆಯನ್ನಿಟ್ಟು ಕೈಯಾರೆ ಲೆಕ್ಕ ಮಾಡಿದರೆ ಇದು ಸ್ಪಷ್ಟವಾಗುತ್ತದೆ. ಕಪ್ಪು ಶೇ. 1ರಿಂದ ಶೇ. 50ಕ್ಕೆ ಏರಲು 10ರಿಂದ 15 ತಲೆಮಾರು ಸಾಕು, ಆದರೆ ಶೇ. 90ರಿಂದ ಶೇ. 99ಕ್ಕೆ ತಲುಪಲು 20ಕ್ಕೂ ಹೆಚ್ಚು ತಲೆಮಾರು ಬೇಕು. ಅನುಕೂಲ ಶೇ. 1ರಷ್ಟು ಮಾತ್ರ ಇದ್ದಿದ್ದರೆ ಇಡೀ ಪಯಣಕ್ಕೆ ಸುಮಾರು 1,600 ತಲೆಮಾರು, ಅಂದರೆ 1,600 ವರ್ಷ ಹಿಡಿಯುತ್ತಿತ್ತು. ಐವತ್ತು ವರ್ಷಗಳಲ್ಲಿ ಅದು ಮುಗಿಯಿತೆಂದರೆ ಆಯ್ಕೆ ಅಸಾಧಾರಣವಾಗಿ ಪ್ರಬಲವಾಗಿದ್ದಿರಲೇಬೇಕು.

ಈ ಸಂಖ್ಯೆಯಿಂದ ಏನು ತಿಳಿಯುತ್ತದೆ, ಏನು ತಿಳಿಯುವುದಿಲ್ಲ ಎಂಬುದನ್ನು ಬೇರೆಬೇರೆಯಾಗಿ ನೋಡಬೇಕು. ಕಪ್ಪು ಪತಂಗಗಳು ಏಕೆ ಹೆಚ್ಚು ಉಳಿದವು ಎಂಬುದಕ್ಕೆ ಅದು ಉತ್ತರಿಸುವುದಿಲ್ಲ. ಹಕ್ಕಿಗಳ ಪ್ರಸ್ತಾಪವೇ ಆ ಲೆಕ್ಕದಲ್ಲಿ ಬೇಕಿಲ್ಲ. ಆದರೆ ಯಾವುದೇ ವಿವರಣೆ ಬಂದರೂ ಅದು ಇಷ್ಟು ಭಾರ ಹೊರಬಲ್ಲದ್ದಾಗಿರಬೇಕು ಎಂಬ ತೂಕದ ಕಲ್ಲನ್ನು ಅದು ತಕ್ಕಡಿಯಲ್ಲಿಟ್ಟಿತು. 1920ರ ದಶಕದಲ್ಲಿ ಹೆಸ್ಲಪ್ ಹ್ಯಾರಿಸನ್ ಎಂಬ ವಿಜ್ಞಾನಿ, ಹೊಗೆಯಲ್ಲಿರುವ ಸೀಸ ಮತ್ತು ಮ್ಯಾಂಗನೀಸ್ ಲವಣಗಳನ್ನು ಎಲೆಯ ಜೊತೆ ತಿಂದ ಹುಳುಗಳ ಸಂತತಿಯಲ್ಲಿ ಕಪ್ಪು ಬಣ್ಣದ ಉತ್ಪರಿವರ್ತನೆಗಳು, ಅಂದರೆ ವಂಶವಾಹಿಯಲ್ಲಿನ ಬದಲಾವಣೆಗಳು, ನೇರವಾಗಿ ಹುಟ್ಟುತ್ತವೆ, ಇದಕ್ಕೆ ಆಯ್ಕೆಯ ಅಗತ್ಯವೇ ಇಲ್ಲ ಎಂದು ವಾದಿಸಿದರು. ಇದು ಹಗುರವಾಗಿ ತಳ್ಳಿಹಾಕುವ ವಾದವಾಗಿರಲಿಲ್ಲ. ಹೊಗೆ ಹೆಚ್ಚಿದ್ದ ಕಡೆಯಲ್ಲೇ ಕಪ್ಪು ಹೆಚ್ಚಿತು ಎಂಬ ಪುರಾವೆ ಟಟ್ ಊಹೆಗೆ ಎಷ್ಟು ಹೊಂದುತ್ತದೋ ಇದಕ್ಕೂ ಅಷ್ಟೇ ಹೊಂದುತ್ತದೆ. ಅದನ್ನು ಅಲುಗಿಸಿದ್ದು ಸಂಖ್ಯಾಶಾಸ್ತ್ರಜ್ಞ ಆರ್. ಎ. ಫಿಶರ್ ಎತ್ತಿದ ಪ್ರಮಾಣದ ಪ್ರಶ್ನೆ: ಆ ಪ್ರಯೋಗಗಳ ಫಲಿತಾಂಶ ನಿಜವಾಗಬೇಕಾದರೆ ಉತ್ಪರಿವರ್ತನೆಯ ದರ ಬೇರೆ ಜೀವಿಗಳಲ್ಲಿ ಅಳೆದು ತಿಳಿದಿದ್ದ ದರಕ್ಕಿಂತ ಅಗಾಧವಾಗಿ ಹೆಚ್ಚಿರಬೇಕಾಗುತ್ತಿತ್ತು. ಬೇರೆಯವರು ಮತ್ತೆ ಮಾಡಿದ ಪ್ರಯೋಗಗಳಲ್ಲಿ ಆ ಫಲಿತಾಂಶ ಬರಲಿಲ್ಲ. ಎರಡು ವಿವರಣೆಗಳು ಒಂದೇ ದಿಕ್ಕಿಗೆ ಕೈ ತೋರಿಸುವಾಗ ಅವುಗಳನ್ನು ಬೇರ್ಪಡಿಸುವುದು ಹೆಚ್ಚಾಗಿ ಪ್ರಮಾಣವೇ, ಮತ್ತು ಪ್ರಮಾಣವನ್ನು ಹೇಳಲು ಗಣಿತದ ಸಿದ್ಧಾಂತ ಬೇಕು.

ಹಕ್ಕಿಗಳ ವಿವರಣೆಗೆ ನಿಜವಾದ ಪರೀಕ್ಷೆ ಬಂದದ್ದು 1953ರಲ್ಲಿ. ಆಕ್ಸ್‌ಫರ್ಡ್‌ನ ಬರ್ನಾರ್ಡ್ ಕೆಟಲ್‌ವೆಲ್ ಬರ್ಮಿಂಗ್‌ಹ್ಯಾಮ್ ಬಳಿಯ ಮಸಿ ಹಿಡಿದ ಕಾಡಿನಲ್ಲಿ ಗುರುತು ಹಾಕಿದ ಪತಂಗಗಳನ್ನು ಮರಗಳ ಮೇಲೆ ಬಿಟ್ಟು, ಮುಂದಿನ ರಾತ್ರಿಗಳಲ್ಲಿ ಬೆಳಕಿನ ಬಲೆಗಳಿಂದ ಉಳಿದವನ್ನು ಹಿಡಿದರು. ಬಿಟ್ಟ 447 ಕಪ್ಪು ಪತಂಗಗಳಲ್ಲಿ 123, ಅಂದರೆ ಶೇ. 27.5ರಷ್ಟು ಮರಳಿ ಸಿಕ್ಕವು. 137 ತಿಳಿಬಣ್ಣದವುಗಳಲ್ಲಿ 18, ಅಂದರೆ ಶೇ. 13ರಷ್ಟು ಮಾತ್ರ. ಇಷ್ಟಕ್ಕೇ ನಿಂತಿದ್ದರೆ ಈ ಪ್ರಯೋಗದಿಂದ ಹೆಚ್ಚೇನೂ ಸಿದ್ಧವಾಗುತ್ತಿರಲಿಲ್ಲ. ಕಪ್ಪು ಪತಂಗಗಳು ಬೆಳಕಿಗೆ ಹೆಚ್ಚು ಮರುಳಾಗುತ್ತಿರಬಹುದು, ತಿಳಿಬಣ್ಣದವು ದೂರ ಹಾರಿಹೋಗಿರಬಹುದು, ಅಥವಾ ಕಪ್ಪಿನವು ಹುಟ್ಟಿನಿಂದಲೇ ಗಟ್ಟಿಮುಟ್ಟಾಗಿರಬಹುದು. ಕೆಟಲ್‌ವೆಲ್‌ರ ಮಾರ್ಗದರ್ಶಕರಾಗಿದ್ದ ಇ. ಬಿ. ಫೋರ್ಡ್ ಅವರೇ ಹಿಂದೆ ಈ ಕೊನೆಯ ಸಾಧ್ಯತೆಯನ್ನು ಮುಂದಿಟ್ಟಿದ್ದರು.

ಈ ಕಾರಣಕ್ಕೇ 1955ರ ಎರಡನೆಯ ಪ್ರಯೋಗ ಮೊದಲನೆಯದಕ್ಕಿಂತ ದೊಡ್ಡದೆಂದು ನನ್ನ ಅಭಿಪ್ರಾಯ. ಕೆಟಲ್‌ವೆಲ್ ಅದೇ ಕೆಲಸವನ್ನು ದಕ್ಷಿಣದ ಡಾರ್ಸೆಟ್‌ನಲ್ಲಿ, ಹೊಗೆ ಮುಟ್ಟದ, ಕಲ್ಲುಹೂವು ತುಂಬಿದ ಕಾಡಿನಲ್ಲಿ ಮಾಡಿದರು. ಅಲ್ಲಿ 496 ತಿಳಿಬಣ್ಣದ ಪತಂಗಗಳಲ್ಲಿ 62, ಅಂದರೆ ಶೇ. 12.5ರಷ್ಟು ಮರಳಿ ಸಿಕ್ಕವು. 473 ಕಪ್ಪು ಪತಂಗಗಳಲ್ಲಿ 30, ಅಂದರೆ ಶೇ. 6.3 ಮಾತ್ರ. ಕಪ್ಪು ಪತಂಗಗಳಿಗೆ ದೀಪದ ಆಕರ್ಷಣೆ ಹೆಚ್ಚೆಂಬುದೇ ಬರ್ಮಿಂಗ್‌ಹ್ಯಾಮ್ ಫಲಿತಾಂಶಕ್ಕೆ ಕಾರಣವಾಗಿದ್ದರೆ ಡಾರ್ಸೆಟ್‌ನಲ್ಲೂ ಅವೇ ಹೆಚ್ಚು ಸಿಗಬೇಕಿತ್ತು. ಅವು ಸ್ವಭಾವತಃ ಗಟ್ಟಿಯಾಗಿದ್ದರೂ ಅಷ್ಟೇ. ಹಿನ್ನೆಲೆಯ ಬಣ್ಣ ತಿರುಗಿದಾಗ ಫಲಿತಾಂಶವೂ ತಿರುಗಬೇಕೆಂದು ಮೊದಲೇ ಹೇಳುವ ಊಹೆ ಆ ಸಾಲಿನಲ್ಲಿ ಒಂದೇ ಇತ್ತು, ಮತ್ತು ಅದು ತಿರುಗಿತು. ಆಗ ಅನೇಕ ಪಕ್ಷಿತಜ್ಞರು ಮತ್ತು ಕೀಟತಜ್ಞರು, ಕೂತ ಪತಂಗವನ್ನು ಹಕ್ಕಿಗಳು ಹುಡುಕಿ ತಿನ್ನುವುದನ್ನೇ ನಂಬುತ್ತಿರಲಿಲ್ಲ. ಪ್ರಾಣಿಗಳ ವರ್ತನೆಯನ್ನು ಅಧ್ಯಯನ ಮಾಡುತ್ತಿದ್ದ ನಿಕೊ ಟಿನ್‌ಬರ್ಗೆನ್ ಕೆಟಲ್‌ವೆಲ್ ಜೊತೆ ಹೋಗಿ ಹಕ್ಕಿಗಳು ಪತಂಗಗಳನ್ನು ಹೆಕ್ಕುವುದನ್ನು ಚಲನಚಿತ್ರದಲ್ಲಿ ಸೆರೆಹಿಡಿದರು.

ಪಠ್ಯಪುಸ್ತಕಗಳು ಇಲ್ಲಿಗೆ ನಿಲ್ಲುತ್ತವೆ. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬ ನಮ್ಮ ಗಾದೆಯನ್ನು ವಿಜ್ಞಾನಿಗಳು ನಿಜವಾಗಿ ಪಾಲಿಸಿದ್ದು ಇಲ್ಲಿಂದ ಮುಂದೆ. ಕೆಟಲ್‌ವೆಲ್ ಪತಂಗಗಳನ್ನು ಹಗಲಿನಲ್ಲಿ ಕೈಯಿಂದ ಮರದ ಬೊಡ್ಡೆಗಳ ಮೇಲೆ ಇಟ್ಟಿದ್ದರು. ಸಹಜವಾಗಿ ಅವು ನಸುಕಿಗೆ ಮುನ್ನ ತಾವೇ ಜಾಗ ಹುಡುಕಿಕೊಳ್ಳುತ್ತವೆ, ಮತ್ತು ಬಹಳಷ್ಟು ಮೇಲಿನ ಕೊಂಬೆಗಳ ಕೆಳಭಾಗದಲ್ಲಿ ಕೂರುತ್ತವೆ. ಒಂದೇ ಕಡೆ ಅಷ್ಟೊಂದು ಪತಂಗಗಳಿದ್ದರೆ ಅದು ಹಕ್ಕಿಗಳಿಗೆ ಬಡಿಸಿಟ್ಟ ಎಲೆಯಂತಾಗುತ್ತದೆ. ಸಾಕಿದ ಪತಂಗಗಳನ್ನೂ ಕಾಡಿನಲ್ಲಿ ಹಿಡಿದವನ್ನೂ ಅವರು ಬೆರೆಸಿದ್ದರು. ಅಳತೆಯಲ್ಲೇ ಒಂದು ಸುಳಿವಿತ್ತು: ಎರಡೂ ಕಾಡುಗಳಲ್ಲಿ ವ್ಯತ್ಯಾಸ ಸುಮಾರು ಎರಡು ಪಟ್ಟು, ಅದೂ ಕೆಲವೇ ದಿನಗಳಲ್ಲಿ, ಹಾಲ್ಡೇನ್ ಇಡೀ ಜೀವಿತಾವಧಿಗೆ ಕೇಳಿದ್ದು ಒಂದೂವರೆ ಪಟ್ಟು. ಪ್ರಯೋಗದ ವಿಧಾನ ಆಯ್ಕೆಯನ್ನು ಇದ್ದುದಕ್ಕಿಂತ ಹಿಗ್ಗಿಸಿ ತೋರಿಸುತ್ತಿದೆಯೇ ಎಂಬ ಅನುಮಾನ ನ್ಯಾಯವಾದದ್ದೇ. ಮುಂದೆ ಕೆಲವರು ಮೋಸದ ಆರೋಪವನ್ನೂ ಹೊರಿಸಿದರು. ಅದಕ್ಕೆ ಆಧಾರ ಸಿಗಲಿಲ್ಲ. ವಿಧಾನದ ಲೋಪವನ್ನು ತಿದ್ದುವುದಕ್ಕೆ ಪ್ರಯೋಗಶೀಲರು ಪಡುತ್ತಿದ್ದ ಶ್ರಮವನ್ನೇ ಸಿದ್ಧಾಂತ ಬಿದ್ದುಹೋಯಿತೆನ್ನುವುದಕ್ಕೆ ಸಾಕ್ಷಿಯಾಗಿ ಬಳಸಿಕೊಂಡದ್ದು ನನಗೆ ಇಂದಿಗೂ ನೋವು ತರುವ ಸಂಗತಿ.

ಸಿದ್ಧಾಂತಕ್ಕೆ ನಿಜವಾದ ಸವಾಲು ಬಂದದ್ದು ಬೇರೊಂದು ಕಡೆಯಿಂದ. ಲಿವರ್‌ಪೂಲ್ ನಗರದಿಂದ ಪಶ್ಚಿಮಕ್ಕೆ ಉತ್ತರ ವೇಲ್ಸ್‌ನ ಹಳ್ಳಿಗಾಡಿನ ಕಡೆಗೆ ಹೋದಂತೆ ಕಪ್ಪು ಪತಂಗಗಳ ಪಾಲು ಇಳಿಯುತ್ತ ಹೋಗುತ್ತದೆ. ದಾರಿಯುದ್ದಕ್ಕೂ ಹಲವು ಜಾಗಗಳಲ್ಲಿ ಹಕ್ಕಿಗಳ ಬೇಟೆಯ ಪ್ರಮಾಣವನ್ನು ಅಳೆದು, ಪತಂಗಗಳು ಎಷ್ಟು ದೂರ ಹಾರುತ್ತವೆ ಎಂಬುದನ್ನೂ ಸೇರಿಸಿ, ಈ ಇಳಿಜಾರು ಹೇಗಿರಬೇಕೆಂದು ಜೆ. ಎ. ಬಿಷಪ್ 1972ರಲ್ಲಿ ಲೆಕ್ಕ ಹಾಕಿದರು. ದಿಕ್ಕು ಸರಿಬಂತು, ಆಕಾರ ಸರಿಬರಲಿಲ್ಲ. ಲೆಕ್ಕದ ಪ್ರಕಾರ ಕಪ್ಪು ಇಷ್ಟರೊಳಗೆ ಮಾಯವಾಗಿರಬೇಕಾದ ಹಳ್ಳಿಗಾಡಿನಲ್ಲೂ ಅದು ಗಣನೀಯವಾಗಿ ಉಳಿದಿತ್ತು. ಪೂರ್ವ ಇಂಗ್ಲೆಂಡಿನ ಕೃಷಿಪ್ರದೇಶಗಳಲ್ಲೂ ಮರಗಳು ಹೆಚ್ಚು ಮಸಿ ಹಿಡಿಯದಿದ್ದರೂ ಕಪ್ಪಿನ ಪಾಲು ಹೆಚ್ಚಿತ್ತು.

ಹೀಗೆ ಹೊಂದದೆ ಹೋದಾಗ ಸಿದ್ಧಾಂತವನ್ನೇ ಎಸೆಯುವವರೂ ಇದ್ದಾರೆ, ಕಾಣದಂತೆ ಚಾಪೆಯ ಕೆಳಗೆ ತಳ್ಳುವವರೂ ಇದ್ದಾರೆ. ಇಲ್ಲಿ ನಡೆದದ್ದು ಎರಡೂ ಅಲ್ಲ. ಲೆಕ್ಕ ಎಷ್ಟು, ಯಾವ ಕಡೆಗೆ ತಪ್ಪಿತು ಎಂಬುದು ಸ್ಪಷ್ಟವಾಗಿದ್ದರಿಂದ ಎಲ್ಲಿ ಹುಡುಕಬೇಕೆಂಬುದೂ ಸ್ಪಷ್ಟವಾಯಿತು. ಒಂದೋ ಪತಂಗಗಳು ನಾವು ಎಣಿಸಿದ್ದಕ್ಕಿಂತ ಹೆಚ್ಚು ದೂರ ಹರಡುತ್ತಿರಬೇಕು, ಇಲ್ಲವೇ ಹಕ್ಕಿಗಳಲ್ಲದೆ ಬೇರಾವುದೋ ಅನುಕೂಲ ಕಪ್ಪಿಗೆ ಇರಬೇಕು. ಹರಡುವಿಕೆಗೆ ಒಂದು ದಾರಿ ಆಗಲೇ ಗೊತ್ತಿತ್ತು. ಮೊಟ್ಟೆಯೊಡೆದ ಪುಟ್ಟ ಹುಳುಗಳು ರೇಷ್ಮೆಯಂಥ ಎಳೆಯೊಂದನ್ನು ಬಿಟ್ಟು ಗಾಳಿಗೆ ತೇಲಿಹೋಗುತ್ತವೆ. ಬೆಳೆದ ಪತಂಗದ ಹಾರಾಟವನ್ನು ಮಾತ್ರ ಅಳೆದವರಿಗೆ ಈ ಪಯಣ ಲೆಕ್ಕಕ್ಕೆ ಸಿಕ್ಕಿರುವುದಿಲ್ಲ. ಹರಡುವಿಕೆ ಹೆಚ್ಚಿದಷ್ಟೂ ನಗರದ ಕಪ್ಪು ಹಳ್ಳಿಗೆ ಹರಿದು ಇಳಿಜಾರು ಸಪಾಟಾಗುತ್ತದೆ.

ಇಲ್ಲಿ ಪತಂಗವನ್ನು ಸ್ವಲ್ಪ ಹೊತ್ತು ಬಿಟ್ಟು, ಲೆಕ್ಕ ತೀರಾ ಸುಲಭವಾಗಿ ಹೊಂದಿಬಿಡುವ ಇನ್ನೊಂದು ಬಗೆಯ ಅಪಾಯವನ್ನು ನೋಡಬೇಕು. ಪನಾಮಾದ ಬಾರೊ ಕೊಲರಾಡೊ ದ್ವೀಪದಲ್ಲಿ 1980ರ ದಶಕದ ಆರಂಭದಿಂದ 50 ಹೆಕ್ಟೇರ್ ಮಳೆಕಾಡಿನ ಪ್ರತಿಯೊಂದು ಮರವನ್ನೂ, ಒಂದು ಸೆಂಟಿಮೀಟರ್ ದಪ್ಪದ ಸಸಿಯನ್ನೂ ಬಿಡದೆ, ಎಣಿಸುತ್ತ ಬಂದಿದ್ದಾರೆ. ಎರಡು ಲಕ್ಷಕ್ಕೂ ಹೆಚ್ಚು ಗಿಡಮರಗಳು, ಸುಮಾರು 300 ಜಾತಿಗಳು. ಕೆಲವು ಜಾತಿಗಳು ಸಾವಿರಾರು, ಬಹಳಷ್ಟು ಜಾತಿಗಳು ಬೆರಳೆಣಿಕೆಯಷ್ಟು. ಮರಗಳ ಜಾತಿಗಳ ನಡುವೆ ಬದುಕುಳಿಯುವ ಸಾಮರ್ಥ್ಯದಲ್ಲಿ ಯಾವ ವ್ಯತ್ಯಾಸವೂ ಇಲ್ಲ, ಯಾವುದು ಹೆಚ್ಚುತ್ತದೆ ಯಾವುದು ಕುಗ್ಗುತ್ತದೆ ಎಂಬುದು ಬರಿಯ ಆಕಸ್ಮಿಕ ಎಂದು ಇಟ್ಟುಕೊಂಡರೂ ಈ ಹಂಚಿಕೆಯ ರೇಖೆ ಬಹಳ ಚೆನ್ನಾಗಿ ಬರುತ್ತದೆ ಎಂದು ಪರಿಸರ ವಿಜ್ಞಾನಿ ಸ್ಟೀಫನ್ ಹಬೆಲ್ 2001ರಲ್ಲಿ ತೋರಿಸಿದರು. ದಿಟ್ಟವಾದ, ಬಹಳ ಉಪಯೋಗಕ್ಕೆ ಬಂದ ಸಿದ್ಧಾಂತವದು. ಆದರೆ ತೀರಾ ಬೇರೆ ನೆಲೆಯಿಂದ ಹೊರಟ ಗಣಿತದ ರೇಖೆಗಳೂ ಅದೇ ಮಾಹಿತಿಗೆ ಅಷ್ಟೇ ಚೆನ್ನಾಗಿ, ಕೆಲವೊಮ್ಮೆ ಇನ್ನೂ ಚೆನ್ನಾಗಿ ಹೊಂದುತ್ತವೆ ಎಂಬುದು ಬೇಗನೆ ಗೊತ್ತಾಯಿತು. ಅಂದಮೇಲೆ ಆ ಹೊಂದಾಣಿಕೆಯಿಂದ ಮರಗಳ ಬಗ್ಗೆ ನಮಗೆ ತಿಳಿದದ್ದು ಕಡಿಮೆ. ಪರೀಕ್ಷೆ ಬೇರೆಡೆ ಇರಬೇಕಿತ್ತು, ಮತ್ತು ಅದು ಕಾಲದಲ್ಲಿತ್ತು: ಬರಿಯ ಆಕಸ್ಮಿಕವಾದರೆ ಜಾತಿಗಳ ಸಂಖ್ಯೆ ನಿಧಾನವಾಗಿ ತೇಲಾಡಬೇಕು, ಆದರೆ ಮರುಎಣಿಕೆಗಳಲ್ಲಿ ಕಂಡ ಏರಿಳಿತ ಅದಕ್ಕಿಂತ ಬಹಳ ದೊಡ್ಡದು. ನಮ್ಮ ಬಂಡೀಪುರದ ಮಗ್ಗುಲಿನ ಮುದುಮಲೈ ಕಾಡಿನಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 1988ರಿಂದ ಇಂಥದೇ 50 ಹೆಕ್ಟೇರ್ ಕಾಡನ್ನು ಎಣಿಸುತ್ತ ಬಂದಿದ್ದಾರೆ. ಅಲ್ಲಿ ಕೈಡಿಯಾ ಕ್ಯಾಲಿಸಿನಾ ಎಂಬ ಮರ ವರ್ಷದಿಂದ ವರ್ಷಕ್ಕೆ ಕುಸಿದದ್ದು ಆಕಸ್ಮಿಕವಾಗಿ ಅಲ್ಲ. ಆನೆಗಳು ಅದನ್ನು ಆರಿಸಿ ಮುರಿದು ತಿಂದದ್ದರಿಂದ. ಒಂದು ಸಲ ಎಣಿಸಿ ಬಿಟ್ಟಿದ್ದರೆ ಆ ಮರವೂ ರೇಖೆಯ ಮೇಲಿನ ಒಂದು ಬಿಂದುವಾಗಿ ಸದ್ದಿಲ್ಲದೆ ಹೊಂದಿಕೊಂಡಿರುತ್ತಿತ್ತು.

ಪತಂಗದ ವಿಷಯದಲ್ಲಿ ಕಾಲವೇ ಬಹು ದೊಡ್ಡ ಪ್ರಯೋಗವನ್ನು ಮಾಡಿಕೊಟ್ಟಿತು. ಬ್ರಿಟನ್ನಿನಲ್ಲಿ 1956ರ ಶುದ್ಧ ಗಾಳಿ ಕಾಯಿದೆಯ ನಂತರ ಹೊಗೆ ಇಳಿಯತೊಡಗಿತು. ಲಿವರ್‌ಪೂಲ್ ಬಳಿಯ ವಿರಲ್‌ನಲ್ಲಿ ಸಿರಿಲ್ ಕ್ಲಾರ್ಕ್ 1959ರಿಂದ ವರ್ಷವೂ ತಪ್ಪದೆ ಒಂದೇ ಜಾಗದಲ್ಲಿ ಬಲೆಯಿಟ್ಟು ಎಣಿಸಿದರು. ವೃತ್ತಿಯಿಂದ ವೈದ್ಯರಾಗಿದ್ದ ಅವರ ಈ ತಾಳ್ಮೆಗೆ ಜೀವವಿಕಾಸದ ಅಧ್ಯಯನ ಋಣಿಯಾಗಿದೆ. ಆರಂಭದಲ್ಲಿ ಶೇ. 90ಕ್ಕೂ ಹೆಚ್ಚಿದ್ದ ಕಪ್ಪು 1990ರ ದಶಕದ ಮಧ್ಯಕ್ಕೆ ಶೇ. 20ರ ಆಸುಪಾಸಿಗೆ ಇಳಿದು, ಮುಂದೆ ಇನ್ನೂ ಕುಸಿಯಿತು. ಸಿದ್ಧಾಂತ ಹೇಳಿದ ದಿಕ್ಕು ಅದೇ. ಅಟ್ಲಾಂಟಿಕ್‌ನ ಆಚೆ, ಅಮೆರಿಕದ ಡೆಟ್ರಾಯಿಟ್ ಬಳಿ, ಇದೇ ಜಾತಿಯ ಅಮೆರಿಕನ್ ಉಪಜಾತಿಯಲ್ಲೂ 1960ರ ಸುಮಾರಿಗೆ ಶೇ. 90ರಷ್ಟಿದ್ದ ಕಪ್ಪು 1990ರ ದಶಕಕ್ಕೆ ಅದೇ ರೀತಿ ಇಳಿದಿತ್ತು. ಎರಡು ಖಂಡ, ಬೇರೆಬೇರೆ ಹಕ್ಕಿಗಳು, ಒಂದೇ ಬಗೆಯ ಇಳಿತ.

ಆದರೆ ಈ ಇಳಿತ ಕಥೆಯ ಒಂದು ಭಾಗವನ್ನು ಗಟ್ಟಿ ಮಾಡುವಾಗಲೇ ಇನ್ನೊಂದನ್ನು ಕೆಡವಿತು. ಕಲ್ಲುಹೂವು ಸತ್ತದ್ದರಿಂದ ತಿಳಿಬಣ್ಣದ ಪತಂಗಕ್ಕೆ ಆಸರೆ ತಪ್ಪಿತು ಎಂದು ಎಲ್ಲರೂ ಹೇಳುತ್ತಿದ್ದರು. ವಿರಲ್‌ನಲ್ಲಿ ಕಲ್ಲುಹೂವು ಮರಳಿ ಬೆಳೆಯುವ ಮುನ್ನವೇ ಕಪ್ಪು ಇಳಿಯತೊಡಗಿತ್ತು. ಡೆಟ್ರಾಯಿಟ್ ಬಳಿಯ ಕಾಡಿನಲ್ಲಿ ಕಲ್ಲುಹೂವಿನಲ್ಲಿ ಗುರುತಿಸುವಂಥ ಬದಲಾವಣೆ ಆಗಿರಲೇ ಇಲ್ಲ. ಪತಂಗ ಅಡಗುವುದು ಕಲ್ಲುಹೂವಿನ ಮೇಲೆ ಮಾತ್ರವಲ್ಲ, ಒಟ್ಟು ತೊಗಟೆ ಎಷ್ಟು ಬೆಳಕನ್ನು ಪ್ರತಿಫಲಿಸುತ್ತದೆ ಎಂಬುದು ಮುಖ್ಯ ಎಂದು ವಿವರಣೆಯನ್ನು ತಿದ್ದಬೇಕಾಯಿತು. ಸಿದ್ಧಾಂತದ ಬೆನ್ನೆಲುಬು ಉಳಿದು, ಅದಕ್ಕೆ ಅಂಟಿಕೊಂಡಿದ್ದ ಒಂದು ಸುಂದರ ವಿವರ ಹೋಯಿತು. ನಮ್ಮ ಪಠ್ಯಗಳಲ್ಲಿ ಆ ವಿವರ ಈಗಲೂ ಹಾಗೆಯೇ ಇರುವುದನ್ನು ಕಂಡರೆ ತಿದ್ದಬೇಕೆನ್ನಿಸುತ್ತದೆ.

ಇಷ್ಟಾದರೂ ಇಳಿತವನ್ನು ಹಕ್ಕಿಗಳೇ ತಂದವೆಂದು ಹೇಳಲು ಕೆಟಲ್‌ವೆಲ್‌ರ ಲೋಪಗಳಿಲ್ಲದ ಅಳತೆ ಬೇಕಿತ್ತು. ಅದನ್ನು ಕೇಂಬ್ರಿಡ್ಜ್‌ನ ಮೈಕಲ್ ಮಜೆರಸ್ 2001ರಿಂದ 2007ರವರೆಗೆ ಮಾಡಿದರು. ಪತಂಗಗಳನ್ನು ರಾತ್ರಿಯೇ ಬಿಟ್ಟು, ಕೂರುವ ಜಾಗವನ್ನು ಅವೇ ಆರಿಸಿಕೊಳ್ಳುವಂತೆ ಮಾಡಿದರು. ಸಾಂದ್ರತೆಯನ್ನು ಸಹಜ ಮಟ್ಟಕ್ಕೆ ಇಳಿಸಿದರು. ಬೆಳಗ್ಗೆ ದುರ್ಬೀನು ಹಿಡಿದು, ಯಾವ ಹಕ್ಕಿ ಯಾವ ಪತಂಗವನ್ನು ತಿಂದಿತೆಂದು ಕಣ್ಣಾರೆ ಕಂಡು ಬರೆದಿಟ್ಟರು. ಒಟ್ಟು 4,864 ಪತಂಗಗಳು. ಸಹಜವಾಗಿ ಕೂತ ಪತಂಗಗಳನ್ನು ಹುಡುಕಿ ನೋಡಿದಾಗ ಸುಮಾರು ಅರ್ಧ ಕೊಂಬೆಗಳ ಮೇಲೂ ಮೂರನೆಯ ಒಂದು ಭಾಗದಷ್ಟು ಬೊಡ್ಡೆಗಳ ಮೇಲೂ ಇದ್ದವು; ಕೆಟಲ್‌ವೆಲ್ ಆರಿಸಿದ ಜಾಗ ಪೂರ್ತಿ ಅಸಹಜವೂ ಆಗಿರಲಿಲ್ಲ. ಆ ಹೊತ್ತಿಗೆ ಮರಗಳಿಂದ ಮಸಿ ತೊಳೆದುಹೋಗಿತ್ತು. ದಿನವೊಂದಕ್ಕೆ ಕಪ್ಪು ಪತಂಗದ ಉಳಿವು ತಿಳಿಬಣ್ಣದ್ದಕ್ಕಿಂತ ಸುಮಾರು ಶೇ. 9ರಷ್ಟು ಕಡಿಮೆ ಎಂದು ಈ ಅಳತೆ ತೋರಿಸಿತು. ಮಜೆರಸ್ ಇದನ್ನು 2007ರಲ್ಲಿ ಸಭೆಯೊಂದರಲ್ಲಿ ಮಂಡಿಸಿದರು, 2009ರಲ್ಲಿ ತೀರಿಕೊಂಡರು. ಅವರ ಮಾಹಿತಿಯನ್ನು ನಾಲ್ವರು ಸಹೋದ್ಯೋಗಿಗಳು ವಿಶ್ಲೇಷಿಸಿ 2012ರಲ್ಲಿ ಪ್ರಕಟಿಸಿದರು.

ದಿನಕ್ಕೆ ಶೇ. 9 ಎಂಬುದು ಸಣ್ಣದಾಗಿ ಕಾಣುತ್ತದೆ. ಬೆಳೆದ ಪತಂಗದ ಬದುಕು ಕೆಲವು ದಿನಗಳದ್ದು, ಮತ್ತು ಪ್ರತಿದಿನದ ನಷ್ಟ ಹಿಂದಿನ ದಿನ ಉಳಿದವುಗಳ ಮೇಲೆ ಬೀಳುತ್ತದೆ. ನಾಲ್ಕು ದಿನ ಕಳೆದರೆ ಕಪ್ಪಿನ ಉಳಿವು ತಿಳಿಬಣ್ಣದ್ದರ ಮೂರನೆಯ ಎರಡು ಭಾಗಕ್ಕೆ ಬರುತ್ತದೆ, ಅಂದರೆ ತಿಳಿಬಣ್ಣಕ್ಕೆ ಸುಮಾರು ಒಂದೂವರೆ ಪಟ್ಟಿನ ಅನುಕೂಲ. ಹಾಲ್ಡೇನ್‌ರ ಸಂಖ್ಯೆ ಮಸಿಯ ಕಾಲದ್ದು, ಕಪ್ಪಿನ ಪರವಾದದ್ದು. ಇದು ಮಸಿ ತೊಳೆದ ಕಾಲದ್ದು, ಕಪ್ಪಿಗೆ ವಿರುದ್ಧವಾದದ್ದು. ಎರಡೂ ಕರಾರುವಾಕ್ಕಾಗಿ ಒಂದೇ ಆಗಿರಬೇಕೆಂಬ ನಿಯಮವಿಲ್ಲ. ಆದರೆ ಒಂದು ಊರಿನ ಹಳೆಯ ದಾಖಲೆಯಿಂದ ಕಾಗದದ ಮೇಲೆ ತೆಗೆದ ಪ್ರಮಾಣವೂ, ಇನ್ನೊಂದು ಊರಿನಲ್ಲಿ ಹಕ್ಕಿಯ ಕೊಕ್ಕನ್ನು ನೋಡುತ್ತ ತೆಗೆದ ಪ್ರಮಾಣವೂ ಒಂದೇ ಅಳತೆಯ ಆಸುಪಾಸಿನಲ್ಲಿವೆ. ಬ್ರಿಟನ್ನಿನಲ್ಲಿ ಕಪ್ಪು ಇಳಿದ ವೇಗಕ್ಕೆ ಇಷ್ಟು ಬೇಟೆ ಸಾಕು ಎಂದು ಆ ನಾಲ್ವರು ತೀರ್ಮಾನಿಸಿದರು.

ಹಾಲ್ಡೇನ್ ಇದನ್ನು ನೋಡಲಿಲ್ಲ. ಅವರು 1957ರಲ್ಲಿ ಭಾರತಕ್ಕೆ ಬಂದು ಕಲ್ಕತ್ತೆಯ ಭಾರತೀಯ ಸಾಂಖ್ಯಿಕ ಸಂಸ್ಥೆಯಲ್ಲಿ ಕೆಲಸ ಮಾಡಿ, ಭಾರತದ ಪೌರರಾಗಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು. ಅವರ ಲೆಕ್ಕಕ್ಕೆ ಕೊನೆಯ ತುಣುಕೊಂದು 2016ರಲ್ಲಿ ಸಿಕ್ಕಿತು. ಪತಂಗದ ಡಿಎನ್‌ಎಯಲ್ಲಿ ಕಾರ್ಟೆಕ್ಸ್ ಎಂಬ ವಂಶವಾಹಿಯೊಳಗೆ ಸುಮಾರು 22,000 ಅಕ್ಷರಗಳುದ್ದದ, ಜಾಗದಿಂದ ಜಾಗಕ್ಕೆ ನೆಗೆಯುವ ತುಂಡೊಂದು ಬಂದು ಸೇರಿದ್ದೇ ಕಪ್ಪಿಗೆ ಕಾರಣವೆಂದು ಲಿವರ್‌ಪೂಲ್‌ನ ತಂಡ ಗುರುತಿಸಿತು. ಬಣ್ಣವನ್ನು ನೇರವಾಗಿ ನಿಯಂತ್ರಿಸುವುದು ಆ ವಂಶವಾಹಿಯಲ್ಲ, ಅದೇ ನೆರೆಯಲ್ಲಿ ತಯಾರಾಗುವ ಪುಟ್ಟ ಆರ್‌ಎನ್‌ಎ ಎಂದು ಚಿಟ್ಟೆಗಳ ಮೇಲಿನ 2024ರ ಅಧ್ಯಯನ ಸೂಚಿಸಿದೆ. ಆ ಚರ್ಚೆ ನಡೆಯುತ್ತಲೇ ಇದೆ. ನಮಗೆ ಇಲ್ಲಿ ಬೇಕಾದದ್ದು ಒಂದು ದಿನಾಂಕ. ತುಂಡಿನ ಅಕ್ಕಪಕ್ಕದ ಡಿಎನ್‌ಎ ತಲೆಮಾರುಗಳಲ್ಲಿ ಎಷ್ಟು ಬೆರೆತುಹೋಗಿದೆ ಎಂಬುದರಿಂದ ಹಿಮ್ಮುಖವಾಗಿ ಲೆಕ್ಕ ಹಾಕಿ, ಅದು ಸೇರಿಕೊಂಡದ್ದು 1819ರ ಸುಮಾರಿಗೆ ಎಂದು ಆ ತಂಡ ಅಂದಾಜಿಸಿತು. ಈ ಅಂದಾಜಿಗೆ ಹಿಂದೆಮುಂದೆ ಸಾಕಷ್ಟು ಅವಕಾಶವಿದೆ. ಆದರೂ ಅದನ್ನೇ ಹಿಡಿದು ನೋಡೋಣ. 1819ರಲ್ಲಿ ಒಂದೇ ಒಂದು ನಕಲು ಹುಟ್ಟಿ, ಹಾಲ್ಡೇನ್ ಹೇಳಿದಂತೆ ವರ್ಷಕ್ಕೆ ಒಂದೂವರೆ ಪಟ್ಟು ಹೆಚ್ಚುತ್ತ ಹೋದರೆ, 29 ವರ್ಷಗಳಲ್ಲಿ ಅದು ಒಂದು ಲಕ್ಷ ಪಟ್ಟಿಗೂ ಮಿಗಿಲಾಗುತ್ತದೆ. ಆರಂಭದ ವರ್ಷಗಳಲ್ಲಿ ಮಸಿ ಕಡಿಮೆಯಿದ್ದು ಅನುಕೂಲವೂ ಕಡಿಮೆಯಿದ್ದಿರಬಹುದಾದ್ದರಿಂದ ನಿಜವಾದ ಸಂಖ್ಯೆ ಇದಕ್ಕಿಂತ ಸಾಕಷ್ಟು ಕೆಳಗಿರಬಹುದು. ಹಾಗಿದ್ದರೂ, 1848ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಯಾರೋ ಒಂಟಿ ಕಪ್ಪು ಪತಂಗವನ್ನು ಹಿಡಿದ ಹೊತ್ತಿಗೆ ಅಂಥವು ಅಪರೂಪವಾಗಿ, ಆದರೆ ಪತಂಗ ಹಿಡಿಯುವವರ ಕೈಗೆ ಸಿಗುವಷ್ಟು ಸಂಖ್ಯೆಯಲ್ಲಿ ಇದ್ದಿರಬೇಕೆಂಬುದಕ್ಕೆ ಈ ಲೆಕ್ಕ ಹೊಂದುತ್ತದೆ.